ಧ್ಯಾನಕ್ಕೂ ಮುಂಚೆ ದಾನ: ಬೌದ್ಧ ಧರ್ಮದ ಮೊದಲ ಪಾಠಗಳನ್ನು ಕಲಿಯುವ ಬಗೆ

ಬೌದ್ಧ ಧರ್ಮ ಕಲಿಯಲು ಹೊರಟ ಹೊಸಬರು ಹೆಚ್ಚಾಗಿ ಎರಡರಲ್ಲಿ ಒಂದು ಕಡೆಯಿಂದ ಶುರುಮಾಡುತ್ತಾರೆ. ಕೆಲವರು ಮೊದಲ ದಿನವೇ ಕಣ್ಮುಚ್ಚಿ ಕೂರುತ್ತಾರೆ. ಉಳಿದವರು ಶೂನ್ಯತೆ, ಅನಾತ್ಮ, ನಿರ್ವಾಣ ಎನ್ನುವ ದೊಡ್ಡ ಮಾತುಗಳಿಗೇ ಕೈಹಾಕುತ್ತಾರೆ. ಮೂರನೆಯ ವಾರದ ಹೊತ್ತಿಗೆ ಮೊದಲಿನವರಿಗೆ ಕಾಲುನೋವು ಮತ್ತು ಬೇಸರ, ಎರಡನೆಯವರಿಗೆ ವಾದ ಮಾಡುವ ಚಟ. ಹೊಸಬರ ಜೊತೆ ಕೂತು ಓದುತ್ತ ಬಂದ ನಮಗೆ ಇದಕ್ಕೆ ಕಾರಣ ಸ್ಪಷ್ಟವಾಗಿದೆ: ಕಲಿಕೆಯ ಕ್ರಮ ತಿರುವುಮುರುವಾಗಿದೆ.

ಗೃಹಸ್ಥರಿಗೆ ಹೇಳಿಕೊಡುವಾಗ ಬುದ್ಧ ಹಿಡಿದ ಕ್ರಮ ಪಾಲಿ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಅನುಪುಬ್ಬಿ ಕಥಾ ಎಂದು ಹೆಸರು, ಅಂದರೆ ಒಂದಾದ ಮೇಲೊಂದು ಬರುವ ಉಪದೇಶ. ವಾರಾಣಸಿಯ ಸಿರಿವಂತರ ಮಗ ಯಶ ಬೇಸತ್ತು ಮನೆ ಬಿಟ್ಟು ಬಂದಾಗ ಇಸಿಪತನದಲ್ಲಿ, ಅಂದರೆ ಈಗಿನ ಸಾರನಾಥದಲ್ಲಿ, ಅವನಿಗೆ ಹೇಳಿದ್ದು ಇದೇ. ಮಜ್ಝಿಮ ನಿಕಾಯ ಎಂಬ ಉಪದೇಶ ಸಂಗ್ರಹದ 56ನೇ ಸುತ್ತದಲ್ಲಿ, ಅಂದರೆ ಉಪದೇಶದಲ್ಲಿ, ಗೃಹಪತಿ ಉಪಾಲಿಗೆ ಹೇಳಿದ್ದೂ ಇದೇ. ಮೊದಲು ದಾನ, ಆಮೇಲೆ ಶೀಲ, ಅದರಿಂದ ಸಿಗುವ ಸುಗತಿ, ಬಳಿಕ ಇಂದ್ರಿಯಸುಖಗಳ ದೋಷ, ಅವುಗಳಿಂದ ಬಿಡಿಸಿಕೊಳ್ಳುವುದರ ಲಾಭ. ಇಷ್ಟನ್ನು ಕೇಳಿದವನ ಮನಸ್ಸು ಮೃದುವಾಗಿ, ತಿಳಿಯಾಗಿ, ಸಿದ್ಧವಾಯಿತು ಎಂದು ಕಂಡ ಮೇಲಷ್ಟೇ ನಾಲ್ಕು ಆರ್ಯಸತ್ಯಗಳು: ದುಃಖ, ಅದರ ಮೂಲ, ಅದರ ನಿಲುಗಡೆ, ಅದಕ್ಕೆ ದಾರಿ. ಧ್ಯಾನದ ಮಾತು ಇಲ್ಲಿ ಮೊದಲಿಗೆ ಇಲ್ಲವೇ ಇಲ್ಲ ಎನ್ನುವುದನ್ನು ಗಮನಿಸಬೇಕು.

ದಾನದಿಂದ ಶುರುಮಾಡಿ ಎಂದರೆ ಹೊಸಬರಿಗೆ ಸಪ್ಪೆ ಎನಿಸುತ್ತದೆ. ಇದೆಲ್ಲ ಗೊತ್ತಿರುವ ನೀತಿಪಾಠವೇ ತಾನೆ ಎನ್ನುತ್ತಾರೆ. ಮಾಡಿ ನೋಡಿದರೆ ಬೇರೆಯೇ. ವಾರಕ್ಕೊಂದು ದಿನ ಗೊತ್ತುಮಾಡಿಕೊಳ್ಳಿ. ಕೊಟ್ಟರೆ ತುಸು ಚುರುಕ್ ಎನ್ನುವಷ್ಟು, ಆದರೆ ಸಂಸಾರಕ್ಕೆ ತೊಂದರೆಯಾಗದಷ್ಟು ಕೊಡಿ. ಹಣವೇ ಆಗಬೇಕಿಲ್ಲ, ಒಂದು ಗಂಟೆಯ ದುಡಿಮೆಯೂ ಆದೀತು. ಯಾರಿಗೂ ಹೇಳಬೇಡಿ. ಅಂಗುತ್ತರ ನಿಕಾಯ ಮೂರು ಹೊತ್ತನ್ನು ಗಮನಿಸಲು ಹೇಳುತ್ತದೆ: ಕೊಡುವ ಮುಂಚೆ ಸಂತೋಷ, ಕೊಡುವಾಗ ಪ್ರಸನ್ನತೆ, ಕೊಟ್ಟ ಮೇಲೆ ತೃಪ್ತಿ. ಈ ಮೂರರಲ್ಲಿ ಎಲ್ಲಿ ಎಡವುತ್ತೇವೆ ಎಂದು ನೋಡುವುದೇ ಅಭ್ಯಾಸ. ಹೆಚ್ಚಿನವರು ಮೂರನೆಯದರಲ್ಲಿ ಎಡವುತ್ತಾರೆ: ಇಷ್ಟು ಕೊಡಬಾರದಿತ್ತು, ಅವರು ಒಂದು ಮಾತೂ ಆಡಲಿಲ್ಲವಲ್ಲ. ಕೈ ಹಿಂದೆಗೆಯುವ ಆ ಕ್ಷಣದಲ್ಲಿ ತಣ್ಹೆ, ಅಂದರೆ ತೃಷ್ಣೆ, ಮೊದಲ ಸಲ ಕಣ್ಣಿಗೆ ಬೀಳುತ್ತದೆ. ದುಃಖದ ಮೂಲ ತೃಷ್ಣೆ ಎನ್ನುವ ಎರಡನೆಯ ಆರ್ಯಸತ್ಯವನ್ನು ಪುಸ್ತಕದಲ್ಲಿ ಓದುವ ಮುಂಚೆಯೇ ಅದರ ಪರಿಚಯ ಆಗಿರುತ್ತದೆ.

ಇನ್ನು ಶೀಲ. ಪಂಚಶೀಲದ ಪಟ್ಟಿ ಎಲ್ಲರಿಗೂ ಬಾಯಿಪಾಠ: ಪ್ರಾಣಹತ್ಯೆ, ಕೊಡದ್ದನ್ನು ತೆಗೆದುಕೊಳ್ಳುವುದು, ಕಾಮದಲ್ಲಿ ತಪ್ಪು ನಡತೆ, ಸುಳ್ಳು, ಮೈಮರೆಸುವ ಅಮಲು, ಇವುಗಳಿಂದ ದೂರ ಇರುವುದು. ಆಚರಣೆಯಲ್ಲಿ ಪ್ರಶ್ನೆಗಳು ಏಳುತ್ತವೆ. ನಡೆಯುವಾಗ ಗೊತ್ತಿಲ್ಲದೆ ಇರುವೆ ಸತ್ತರೆ ಶೀಲ ಮುರಿಯಿತೇ? ಅಟ್ಠಕಥೆಗಳು, ಅಂದರೆ ಪಾಲಿ ವ್ಯಾಖ್ಯಾನಗಳು, ಇದಕ್ಕೆ ಲೆಕ್ಕ ಕೊಡುತ್ತವೆ. ಪ್ರಾಣಹತ್ಯೆ ಪೂರ್ತಿಯಾಗಲು ಐದು ಅಂಗಗಳು ಕೂಡಬೇಕು: ಜೀವಿ ಇರಬೇಕು, ಅದು ಜೀವಿ ಎಂಬ ಅರಿವು ಇರಬೇಕು, ಕೊಲ್ಲುವ ಮನಸ್ಸು ಇರಬೇಕು, ಪ್ರಯತ್ನ ಆಗಬೇಕು, ಅದರಿಂದ ಸಾವು ಆಗಬೇಕು. ಸುಳ್ಳಿಗೆ ನಾಲ್ಕು: ವಿಷಯ ನಿಜವಲ್ಲ, ಮೋಸಗೊಳಿಸುವ ಮನಸ್ಸು, ಅದಕ್ಕೆ ತಕ್ಕ ಪ್ರಯತ್ನ, ಕೇಳಿದವರಿಗೆ ಅರ್ಥವಾಗುವುದು. ತಪ್ಪಿಸಿಕೊಳ್ಳುವ ದಾರಿ ಹುಡುಕಲು ಈ ಲೆಕ್ಕ ಬಳಸಬಾರದು. ಮನಸ್ಸು ಎಲ್ಲಿ ಕೈಜೋಡಿಸಿತು ಎಂದು ಗುರುತಿಸಲು ಬಳಸಬೇಕು.

ಐದು ಶೀಲಗಳಲ್ಲಿ ನಾಲ್ಕನೆಯದು ಎಲ್ಲರಿಗೂ ಕಷ್ಟ. ಒಂದು ಪೂರ್ತಿ ದಿನ ಸುಳ್ಳು ಹೇಳದೆ ಇರಲು ನೋಡಿದವರಿಗೆ ಇದು ಗೊತ್ತು. 'ಈಗತಾನೇ ಹೊರಟೆ' ಎನ್ನುವಂಥ ಪುಟ್ಟ ಸುಳ್ಳುಗಳು ನಮ್ಮ ಅಪ್ಪಣೆ ಕೇಳದೆ ಬಾಯಿಂದ ಹೊರಬೀಳುತ್ತವೆ. ಸಮ್ಯಕ್ ವಾಕ್ಕಿಗೆ, ಅಂದರೆ ಸರಿಯಾದ ಮಾತಿಗೆ, ಬಂದರೆ ಚಾಡಿ, ಕಟುಮಾತು, ಹರಟೆ ಇವೂ ಸೇರುತ್ತವೆ. ಮಾತನ್ನು ಅಳೆಯಲು ಅಂಗುತ್ತರ ನಿಕಾಯದಲ್ಲಿ ಐದು ಅಳತೆಗಳಿವೆ: ಹೊತ್ತಿಗೆ ತಕ್ಕುದೇ, ನಿಜವೇ, ಮೃದುವೇ, ಹಿತವೇ, ಮೈತ್ರಿಯಿಂದ ಬಂದದ್ದೇ. ನಿಜವನ್ನೇ ಹೇಳಿದೆ ಎಂದು ಬೀಗುವವರು ಉಳಿದ ನಾಲ್ಕನ್ನು ಮರೆತಿರುತ್ತಾರೆ.

ಜೀವಮಾನಪೂರ್ತಿ ಪಾಲಿಸುತ್ತೇನೆ ಎಂದು ಮೊದಲ ದಿನವೇ ಹೊರಡಬೇಡಿ. ನಾಳೆ ಬೆಳಗಿನವರೆಗೆ ಎಂದು ತೆಗೆದುಕೊಳ್ಳಿ. ಮುರಿದರೆ ಮತ್ತೆ ತೆಗೆದುಕೊಳ್ಳಿ. ಶಿಕ್ಷೆ ಕೊಡುವ ದೇವರು ಇಲ್ಲಿ ಇಲ್ಲ, ಪ್ರಾಯಶ್ಚಿತ್ತದ ಹೋಮವೂ ಇಲ್ಲ. ಆದರೆ ಪರಿಶೀಲನೆ ಉಂಟು. ಮಜ್ಝಿಮ ನಿಕಾಯದ 61ನೇ ಸುತ್ತದಲ್ಲಿ ಬುದ್ಧ ಮಗ ರಾಹುಲನಿಗೆ ಕನ್ನಡಿ ಯಾತಕ್ಕೆ ಎಂದು ಕೇಳಿ, ಮೈ, ಮಾತು, ಮನಸ್ಸಿನ ಪ್ರತಿ ಕೆಲಸವನ್ನೂ ಮೂರು ಹೊತ್ತು ನೋಡಿಕೊಳ್ಳಲು ಹೇಳುತ್ತಾನೆ: ಮಾಡುವ ಮುಂಚೆ, ಮಾಡುತ್ತಿರುವಾಗ, ಮಾಡಿದ ಮೇಲೆ. ನನಗೋ ಪರರಿಗೋ ಇಬ್ಬರಿಗೋ ಇದರಿಂದ ನೋವೇ? ಹೊಸಬರು ಮೂರನೆಯದರಿಂದ ಶುರುಮಾಡುವುದು ಸುಲಭ. ಮಲಗುವ ಮುಂಚೆ ಐದು ನಿಮಿಷ, ಆ ದಿನದ ಒಂದೇ ಒಂದು ಘಟನೆ ಸಾಕು. ಕೆಲವು ವಾರಗಳಲ್ಲಿ ಪರಿಶೀಲನೆ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಬೈದ ಮೇಲೆ ಗೊತ್ತಾಗುತ್ತಿದ್ದದ್ದು ಬೈಯುತ್ತಿರುವಾಗಲೇ ಗೊತ್ತಾಗತೊಡಗುತ್ತದೆ.

ಈ ಹಂತದಲ್ಲೇ ಕರ್ಮದ ವಿಷಯ ಸರಿಮಾಡಿಕೊಳ್ಳಬೇಕು. ಹಣೆಬರಹ ಎನ್ನುವ ತಿಳಿವಳಿಕೆ ನಮ್ಮಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂದರೆ, ಬೌದ್ಧ ಗ್ರಂಥ ಓದುವಾಗಲೂ ಅದನ್ನೇ ಓದಿಕೊಳ್ಳುತ್ತೇವೆ. 'ಚೇತನೆಯನ್ನೇ ನಾನು ಕರ್ಮ ಎನ್ನುತ್ತೇನೆ' ಎಂಬ ಮಾತು ಅಂಗುತ್ತರ ನಿಕಾಯದ ಆರನೆಯ ನಿಪಾತದಲ್ಲಿ, ಅಂದರೆ ಭಾಗದಲ್ಲಿ, ಇದೆ. ಅಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ಕೆಲಸದ ಹಿಂದಿನ ಮನಸ್ಸಿನ ಒಲವು. ಅನುಭವಿಸುವುದೆಲ್ಲ ಹಿಂದಿನ ಕರ್ಮದ ಫಲವೇ ಎಂದು ಮೋಳಿಯ ಸೀವಕ ಎಂಬ ಪರಿವ್ರಾಜಕ ಕೇಳಿದಾಗ ಬುದ್ಧ ಒಪ್ಪುವುದಿಲ್ಲ. ಪಿತ್ತ, ಕಫ, ವಾತ, ಈ ಮೂರರ ಕೂಟ, ಋತುವಿನ ಬದಲಾವಣೆ, ಮೈಮೇಲೆ ನಿಗಾ ಇಲ್ಲದಿರುವುದು, ಹೊರಗಿನ ಪೆಟ್ಟು, ಕರ್ಮಫಲ ಎಂದು ಎಂಟು ಕಾರಣ ಎಣಿಸುತ್ತಾನೆ. ಎಂಟರಲ್ಲಿ ಕರ್ಮ ಒಂದು ಮಾತ್ರ. ಕಾಯಿಲೆ ಬಿದ್ದವರ ಎದುರು ಕೂತು 'ಹಿಂದಿನ ಜನ್ಮದ್ದು' ಎನ್ನುವವರು ಸಂಯುತ್ತ ನಿಕಾಯದ ಈ ಪುಟವನ್ನು ಓದಿಲ್ಲ.

ಇಷ್ಟಾದ ಮೇಲೆ ಧಮ್ಮಚಕ್ಕಪ್ಪವತ್ತನ ಸುತ್ತವನ್ನು ಕೈಗೆತ್ತಿಕೊಳ್ಳಬಹುದು. ಆಷಾಢ ಹುಣ್ಣಿಮೆಯಂದು ಇಸಿಪತನದಲ್ಲಿ ಕೊಂಡಞ್ಞ, ವಪ್ಪ, ಭದ್ದಿಯ, ಮಹಾನಾಮ, ಅಸ್ಸಜಿ ಎಂಬ ಐವರಿಗೆ ಮಾಡಿದ ಮೊದಲ ಉಪದೇಶ ಇದು. ಕೆಲವೇ ಪುಟ. ಗಟ್ಟಿಯಾಗಿ ಓದಿ, ಇವು ಕಿವಿಗಾಗಿ ಕಟ್ಟಿದ ಮಾತುಗಳು. ಮತ್ತೆ ಮತ್ತೆ ಅದೇ ವಾಕ್ಯ ಬರುತ್ತದೆ ಎಂದು ಹಾರಿಸಬೇಡಿ. ಬಾಯಿಂದ ಬಾಯಿಗೆ ಉಳಿದುಬಂದ ಪಾಠದಲ್ಲಿ ಪುನರುಕ್ತಿಯೇ ನೆನಪಿನ ಆಧಾರ, ಬದಲಾದ ಒಂದು ಪದದ ಮೇಲೆ ಗಮನ ನಿಲ್ಲುವುದೂ ಅದರಿಂದಲೇ.

ಹೆಚ್ಚಿನ ಪರಿಚಯ ಲೇಖನಗಳು ನಾಲ್ಕು ಸತ್ಯಗಳನ್ನು ನಂಬಿಕೆಗಳಂತೆ ಪಟ್ಟಿಮಾಡಿ ಮುಂದೆ ಹೋಗುತ್ತವೆ. ಸುತ್ತದಲ್ಲಿ ಹಾಗಿಲ್ಲ. ಪ್ರತಿ ಸತ್ಯಕ್ಕೂ ಮೂರು ಸುತ್ತು ಇವೆ: ಇದು ಹೀಗೆ, ಇದರ ವಿಷಯದಲ್ಲಿ ಇದನ್ನು ಮಾಡಬೇಕು, ಇದನ್ನು ಮಾಡಿ ಆಯಿತು. ನಾಲ್ಕು ಮೂರಲೆ ಹನ್ನೆರಡು. ಮಾಡಬೇಕಾದ ಕೆಲಸ ನಾಲ್ಕಕ್ಕೂ ಬೇರೆ ಬೇರೆ. ದುಃಖವನ್ನು ಪೂರ್ತಿ ಅರಿಯಬೇಕು. ಅದರ ಮೂಲವಾದ ತೃಷ್ಣೆಯನ್ನು ಬಿಡಬೇಕು. ನಿರೋಧವನ್ನು, ಅಂದರೆ ದುಃಖದ ನಿಲುಗಡೆಯನ್ನು, ತಾನೇ ಕಾಣಬೇಕು. ಮಾರ್ಗವನ್ನು ಬೆಳೆಸಬೇಕು. ಹೊಸಬರ ಗೊಂದಲದ ದೊಡ್ಡ ಪಾಲು ಈ ಕೆಲಸಗಳನ್ನು ಅದಲುಬದಲು ಮಾಡುವುದರಿಂದ ಬರುತ್ತದೆ. ಅರಿಯಬೇಕಾದ ದುಃಖವನ್ನೇ ಬಿಡಲು ಹೊರಡುತ್ತಾರೆ, ಅಂದರೆ ಅದರಿಂದ ಓಡುತ್ತಾರೆ. ಬಿಡಬೇಕಾದ ತೃಷ್ಣೆಯನ್ನು ಅರಿಯುತ್ತ ಕೂರುತ್ತಾರೆ, ಅಂದರೆ ಅದಕ್ಕೆ ಕಾರಣ ಹೇಳುತ್ತ ಕಾಲ ಕಳೆಯುತ್ತಾರೆ.

ಕಾಗದದ ಮೇಲೆ ಮಾಡಿ ನೋಡಿ. ದೊಡ್ಡ ಸಂಕಟ ಬೇಡ, ಇವತ್ತಿನ ಸಣ್ಣ ಕಿರಿಕಿರಿ ಒಂದನ್ನು ಆರಿಸಿ. ಚೆನ್ನಾಗಿ ಮಾಡಿದ ಕೆಲಸವನ್ನು ಯಾರೂ ಗಮನಿಸಲಿಲ್ಲ ಎನ್ನಿ. ಮೊದಲ ಸಾಲಿನಲ್ಲಿ ಮೈಯಲ್ಲಿ ಏನಾಯಿತು, ಮನಸ್ಸಿನಲ್ಲಿ ಯಾವ ಮಾತು ಓಡಿತು ಎಂದು ಮಾತ್ರ ಬರೆಯಿರಿ, ಯಾರದು ತಪ್ಪು ಎಂದು ಬೇಡ. ಎರಡನೆಯದರಲ್ಲಿ ಏನು ಬೇಕಾಗಿತ್ತು ಎಂದು ಬರೆಯಿರಿ. ತೃಷ್ಣೆ ಮೂರು ಬಗೆ: ಇಂದ್ರಿಯಸುಖದ್ದು, ಏನಾದರೂ ಆಗಬೇಕು ಎನ್ನುವುದು, ಇದು ಇಲ್ಲವಾಗಲಿ ಎನ್ನುವುದು. ಮೂರನೆಯದನ್ನು ಜನ ಗುರುತಿಸುವುದೇ ಇಲ್ಲ. ಈ ಕೋಪ ನನಗೆ ಬರಲೇಬಾರದು ಎನ್ನುವ ಹಟವೂ ತೃಷ್ಣೆಯೇ. ಮೂರನೆಯ ಸಾಲಿನಲ್ಲಿ, ಈ ಕಿರಿಕಿರಿ ದಿನದಲ್ಲಿ ಯಾವಾಗ ತುಸು ಹೊತ್ತಾದರೂ ಇರಲಿಲ್ಲ, ಆಗ ಬೇಕು ಎನ್ನುವುದು ಎಲ್ಲಿ ಹೋಗಿತ್ತು ಎಂದು ನೋಡಿ. ಕೊನೆಯದರಲ್ಲಿ ನಾಳೆ ಮಾಡುವ ಒಂದು ಕೆಲಸ. ಇದು ನಿರ್ವಾಣ ಅಲ್ಲ, ಅಷ್ಟು ಅಗ್ಗವೂ ಅಲ್ಲ ಅದು. ಆದರೆ ಸೂತ್ರದ ಆಕಾರ ಇದರಿಂದ ಕೈಗೆ ಸಿಗುತ್ತದೆ.

ನಾಲ್ಕನೆಯ ಸತ್ಯವಾದ ಅಷ್ಟಾಂಗಿಕ ಮಾರ್ಗವನ್ನು ಮೆಟ್ಟಿಲು ಎಂದುಕೊಂಡು, ಸಮ್ಯಕ್ ದೃಷ್ಟಿ ಮುಗಿಸಿ ಸಮ್ಯಕ್ ಸಂಕಲ್ಪಕ್ಕೆ ಹೋಗುತ್ತೇನೆ ಎನ್ನುವವರಿದ್ದಾರೆ. ಎಂಟೂ ಒಟ್ಟಿಗೇ ಬೆಳೆಯುವ ಅಂಗಗಳು. ಅವನ್ನು ಮೂರು ಗುಂಪಾಗಿ ವಿಂಗಡಿಸಿದ್ದು ಭಿಕ್ಷುಣಿ ಧಮ್ಮದಿನ್ನಾ. ಹಿಂದೆ ತನ್ನ ಗಂಡನಾಗಿದ್ದ ವಿಶಾಖನ ಪ್ರಶ್ನೆಗೆ ಉತ್ತರವಾಗಿ ಆಕೆ ಹೇಳಿದ್ದು ಮಜ್ಝಿಮ ನಿಕಾಯದ 44ನೇ ಸುತ್ತದಲ್ಲಿದೆ: ವಾಕ್ಕು, ಕರ್ಮ (ನಡತೆ), ಆಜೀವ (ಜೀವನೋಪಾಯ) ಶೀಲಕ್ಕೆ, ವ್ಯಾಯಾಮ (ಪ್ರಯತ್ನ), ಸ್ಮೃತಿ (ಎಚ್ಚರ), ಸಮಾಧಿ (ಏಕಾಗ್ರತೆ) ಇವು ಸಮಾಧಿಗೆ, ದೃಷ್ಟಿ, ಸಂಕಲ್ಪ ಪ್ರಜ್ಞೆಗೆ. ತನ್ನನ್ನು ಕೇಳಿದ್ದರೂ ಇದೇ ಉತ್ತರ ಕೊಡುತ್ತಿದ್ದೆ ಎಂದು ಬುದ್ಧನೂ ಒಪ್ಪಿದ. ಆಜೀವದ ವಿಷಯದಲ್ಲಿ ಗೃಹಸ್ಥರಿಗೆ ಹೆಸರು ಹಿಡಿದು ಬೇಡ ಎಂದಿರುವ ವ್ಯಾಪಾರಗಳು ಐದು: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ.

ಈಗ ಕೂರುವ ವಿಷಯ. ಶುರುವಿಗೆ ದಿನಕ್ಕೆ ಹತ್ತು ನಿಮಿಷ, ಅದೇ ಜಾಗ, ಅದೇ ಹೊತ್ತು. ಸೊಂಟ ಮಂಡಿಗಿಂತ ಎತ್ತರದಲ್ಲಿ ಇರಬೇಕು, ಇಲ್ಲದಿದ್ದರೆ ಬೆನ್ನು ಬಾಗಿ ಐದೇ ನಿಮಿಷಕ್ಕೆ ನೋವು ಬರುತ್ತದೆ. ಮಡಿಸಿದ ಕಂಬಳಿಯನ್ನು ಕುಂಡಿಯ ಕೆಳಗೆ ಮಾತ್ರ ಇಟ್ಟುಕೊಳ್ಳಿ, ಕಾಲಿನ ಕೆಳಗೆ ಅಲ್ಲ. ಮಂಡಿ ನೆಲಕ್ಕೆ ತಾಗದವರು ಕುರ್ಚಿಯಲ್ಲಿ ಕೂರಬಹುದು, ಪಾದ ಪೂರ್ತಿ ನೆಲಕ್ಕೆ ಊರಿರಲಿ. ಉಸಿರು ಮೂಗಿನ ತುದಿಯಲ್ಲೋ ಮೇಲ್ದುಟಿಯ ಮೇಲೋ ತಾಗುವ ಜಾಗವನ್ನು ಗಮನಿಸಿ. ಉಸಿರನ್ನು ಎಳೆಯಬೇಡಿ, ತಡೆಯಬೇಡಿ, ಇದು ಪ್ರಾಣಾಯಾಮ ಅಲ್ಲ. ಸುತ್ತದ ಮಾತು ಸರಳ: ಉದ್ದ ಉಸಿರಾದರೆ ಉದ್ದ ಎಂದು ತಿಳಿ, ಗಿಡ್ಡವಾದರೆ ಗಿಡ್ಡ ಎಂದು ತಿಳಿ. ಆನಾಪಾನಸತಿ ಸುತ್ತದಲ್ಲಿ ಒಟ್ಟು 16 ಹಂತಗಳಿವೆ, ಹೊಸಬರಿಗೆ ಮೊದಲ ಎರಡೇ ತಿಂಗಳುಗಟ್ಟಲೆ ಸಾಕು.

ಗಮನ ನಿಲ್ಲದವರಿಗೆ ಎಣಿಕೆ. ಐದನೆಯ ಶತಮಾನದಲ್ಲಿ ಶ್ರೀಲಂಕಾದಲ್ಲಿ ಬುದ್ಧಘೋಷ ಬರೆದ ವಿಸುದ್ಧಿಮಗ್ಗ ಇದರ ವಿಧಾನವನ್ನು ಚೊಕ್ಕವಾಗಿ ಹೇಳುತ್ತದೆ. ಐದಕ್ಕಿಂತ ಕಡಿಮೆಗೆ ನಿಲ್ಲಿಸಬಾರದು, ಹತ್ತನ್ನು ದಾಟಬಾರದು, ನಡುವೆ ಬಿಟ್ಟು ಎಣಿಸಬಾರದು. ಕಾರಣವನ್ನೂ ಕೊಡುತ್ತದೆ: ಐದಕ್ಕಿಂತ ಕಡಿಮೆಯಾದರೆ ಇಕ್ಕಟ್ಟಿನಲ್ಲಿ ಸಿಕ್ಕಂತೆ ಮನಸ್ಸು ಒದ್ದಾಡುತ್ತದೆ, ಹತ್ತು ದಾಟಿದರೆ ಮನಸ್ಸು ಉಸಿರನ್ನು ಬಿಟ್ಟು ಸಂಖ್ಯೆಯನ್ನು ಹಿಡಿಯುತ್ತದೆ. ಮೊದಲು ಧಾನ್ಯ ಅಳೆಯುವವನಂತೆ ನಿಧಾನವಾಗಿ, ಅಭ್ಯಾಸವಾದ ಮೇಲೆ ದೊಡ್ಡಿಯಿಂದ ನುಗ್ಗುವ ಹಸು ಎಣಿಸುವ ಗೋವಳನಂತೆ ಬೇಗ. ಗಮನ ನಿಂತ ಮೇಲೆ ಎಣಿಕೆ ಬಿಡಬೇಕು. ಎಣಿಕೆಯನ್ನೇ ಸಾಧನೆ ಮಾಡಿಕೊಂಡವರು ಅಲ್ಲೇ ಉಳಿಯುತ್ತಾರೆ.

ಅಡ್ಡಿಗಳು ಐದು ಎಂದು ಗ್ರಂಥಗಳು ಗೊತ್ತುಮಾಡಿವೆ: ಕಾಮಚ್ಛಂದ (ಇಂದ್ರಿಯಸುಖದ ಆಸೆ), ದ್ವೇಷ, ಜಡತೆ-ತೂಕಡಿಕೆ, ಚಡಪಡಿಕೆ-ಪಶ್ಚಾತ್ತಾಪ, ಸಂಶಯ. ಹೊಸಬರಿಗೆ ಹೆಚ್ಚು ಕಾಡುವುದು ತೂಕಡಿಕೆ. ಇದು ಅವರದೊಂದೇ ಪಾಡಲ್ಲ, ಅಗ್ರಶಿಷ್ಯ ಮೊಗ್ಗಲ್ಲಾನನೇ ಕೂತಲ್ಲಿ ತೂಕಡಿಸುತ್ತಿದ್ದ. ಬುದ್ಧ ಅವನಿಗೆ ಹೇಳಿದ ಮದ್ದಿನ ಸಾಲು ಅಂಗುತ್ತರ ನಿಕಾಯದ ಏಳನೆಯ ನಿಪಾತದಲ್ಲಿದೆ. ನಿದ್ದೆ ತಂದ ಆ ಆಲೋಚನೆಯನ್ನು ಬಿಡು. ಹೋಗದಿದ್ದರೆ ಕಲಿತ ಧರ್ಮವನ್ನು ಮನನ ಮಾಡು, ಬಾಯಿಬಿಟ್ಟು ಪಠಿಸು. ಎರಡೂ ಕಿವಿ ಎಳೆದುಕೊಂಡು ಮೈ ಉಜ್ಜಿಕೋ. ಎದ್ದು ಕಣ್ಣಿಗೆ ನೀರು ಹಾಕಿಕೊಂಡು ನಕ್ಷತ್ರ ನೋಡು. ಬೆಳಕನ್ನು ಮನಸ್ಸಿಗೆ ತಂದುಕೋ. ಅಡ್ಡಾಡು. ಯಾವುದಕ್ಕೂ ಜಗ್ಗದಿದ್ದರೆ ಬಲಮಗ್ಗುಲಾಗಿ ಮಲಗು, ಎಚ್ಚರವಾದ ಕೂಡಲೆ ಏಳು. ಇಷ್ಟು ವ್ಯಾವಹಾರಿಕವಾದ ಪುಟಗಳು ತ್ರಿಪಿಟಕದಲ್ಲಿ ಇವೆ ಎಂಬುದೇ ಅನೇಕರಿಗೆ ಗೊತ್ತಿಲ್ಲ.

ಕಾಲುನೋವು ಬಂದರೆ ಕೂಡಲೆ ಕದಲಬೇಡಿ, ಹಲ್ಲುಕಚ್ಚಿ ಸಹಿಸಲೂ ಬೇಡಿ. ನೋವು ಒಂದು, ಇದು ಹೋಗಲಿ ಎನ್ನುವುದು ಇನ್ನೊಂದು. ಎರಡೂ ಬೇರೆ ಬೇರೆಯಾಗಿ ಕಂಡರೆ ಸಾಕು, ಆಮೇಲೆ ನಿಧಾನವಾಗಿ ಕಾಲು ಸರಿಸಿ. ಪ್ರತೀತ್ಯ ಸಮುತ್ಪಾದದ, ಅಂದರೆ ಒಂದನ್ನು ನೆಚ್ಚಿ ಇನ್ನೊಂದು ಹುಟ್ಟುತ್ತದೆ ಎನ್ನುವ ಬೋಧನೆಯ, 12 ಕೊಂಡಿಗಳಲ್ಲಿ ಸ್ಪರ್ಶದಿಂದ ವೇದನೆ (ಹಿತ, ಅಹಿತ ಎನ್ನುವ ಅನುಭವ), ವೇದನೆಯಿಂದ ತೃಷ್ಣೆ, ತೃಷ್ಣೆಯಿಂದ ಉಪಾದಾನ (ಅಂಟಿಕೊಳ್ಳುವುದು) ಎಂಬ ಸಾಲು ಇದೆಯಲ್ಲ, ಅದನ್ನು ಈ ಕಾಲುನೋವಿನಲ್ಲೇ ನೋಡಬಹುದು. ಅವಿದ್ಯೆಯಿಂದ ಜರಾಮರಣದವರೆಗೆ ಹನ್ನೆರಡನ್ನೂ ಮೊದಲೇ ಉರುಹೊಡೆಯುವ ಅಗತ್ಯ ಇಲ್ಲ, ವೇದನೆ ಮತ್ತು ತೃಷ್ಣೆಯ ನಡುವಿನ ಜಾಗ ಒಂದನ್ನು ಹಿಡಿದರೆ ಉಳಿದದ್ದು ಆಮೇಲೆ ಕೂಡಿಕೊಳ್ಳುತ್ತದೆ.

ಮೈತ್ರಿ ಭಾವನೆಗೂ, ಅಂದರೆ ಒಳಿತಾಗಲಿ ಎಂದು ಹಾರೈಸುವ ಅಭ್ಯಾಸಕ್ಕೂ, ವಿಸುದ್ಧಿಮಗ್ಗದಲ್ಲಿ ಕ್ರಮ ಉಂಟು: ಮೊದಲು ತನಗೆ, ಆಮೇಲೆ ಗೌರವವುಳ್ಳ ಒಬ್ಬರಿಗೆ, ಬಳಿಕ ಆಪ್ತರಿಗೆ, ಬೇಕು-ಬೇಡ ಎರಡೂ ಇಲ್ಲದವರಿಗೆ, ಕೊನೆಗೆ ಹಗೆಯವರಿಗೆ. ಹಗೆಯವರಿಂದಲೇ ಶುರುಮಾಡಿದರೆ ಸಿಟ್ಟು ಏಳುತ್ತದೆ. ತೀರಿಕೊಂಡವರನ್ನು ಆರಿಸಬಾರದು ಎಂದೂ ಹೇಳಿದೆ.

ಹತ್ತು ದಿನಗಳ ಶಿಬಿರಕ್ಕೆ ಯಾವಾಗ ಹೋಗಬೇಕು? ದಿನಕ್ಕೆ ಅರ್ಧ ಗಂಟೆ ಕೂರುವುದು ರೂಢಿಯಾದ ಮೇಲೆ ಎನ್ನುವುದು ನಮ್ಮ ಅಭಿಪ್ರಾಯ, ಹಾಗೆ ನಿಯಮವೇನೂ ಇಲ್ಲ. ಗೋಯೆಂಕಾ ಪರಂಪರೆಯ ವಿಪಶ್ಯನಾ ಶಿಬಿರದಲ್ಲಿ ಬೆಳಗಿನ ನಾಲ್ಕಕ್ಕೆ ಏಳುವುದು, ದಿನಕ್ಕೆ ಸುಮಾರು ಹತ್ತು ಗಂಟೆ ಧ್ಯಾನ, ಮೌನ. ಮೊದಲ ಮೂರು ದಿನ ಉಸಿರು ಮಾತ್ರ, ನಾಲ್ಕನೆಯ ದಿನದಿಂದ ಮೈಯ ಸಂವೇದನೆಗಳು, ಹತ್ತನೆಯ ದಿನ ಮೈತ್ರಿ. ಶುಲ್ಕ ಇಲ್ಲ, ಮುಗಿಸಿದವರು ಕೊಡುವ ದಾನದಿಂದ ನಡೆಯುತ್ತದೆ. ಮಾನಸಿಕ ಕಾಯಿಲೆಗೆ ಮದ್ದು ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಹೋಗಬಾರದು, ಧ್ಯಾನ ಮಾಡುತ್ತಿದ್ದೇನಲ್ಲ ಎಂದು ಮಾತ್ರೆ ನಿಲ್ಲಿಸಲಂತೂ ಬಾರದು.

ಅನಾತ್ಮಕ್ಕೆ, ಅಂದರೆ ಯಾವುದೂ ಆತ್ಮವಲ್ಲ ಎನ್ನುವ ಬೋಧನೆಗೆ, ಈಗ ಬರಬಹುದು. ಐವರಿಗೆ ಮಾಡಿದ ಎರಡನೆಯ ಉಪದೇಶವಾದ ಅನತ್ತಲಕ್ಖಣ ಸುತ್ತದಲ್ಲಿ 'ನಾನು ಇಲ್ಲ' ಎಂಬ ಘೋಷಣೆ ಇಲ್ಲ. ರೂಪ (ಮೈ), ವೇದನೆ, ಸಂಜ್ಞೆ (ಗುರುತಿಸುವುದು), ಸಂಸ್ಕಾರ (ಮನಸ್ಸಿನ ಒಲವುಗಳು), ವಿಜ್ಞಾನ (ಅರಿವು), ಈ ಐದನ್ನೂ ಒಂದೊಂದಾಗಿ ಎತ್ತಿ ಬುದ್ಧ ಕೇಳುತ್ತಾನೆ: ಇದು ನಿತ್ಯವೇ, ಅನಿತ್ಯವೇ? ಅನಿತ್ಯವಾದದ್ದು ದುಃಖವೇ, ಸುಖವೇ? ಹಾಗಿದ್ದ ಮೇಲೆ ಇದು ನನ್ನದು, ಇದು ನಾನು, ಇದು ನನ್ನ ಆತ್ಮ ಎನ್ನುವುದು ಸರಿಯೇ? ಹೊಸಬರು ಎರಡು ಕಡೆ ಜಾರುತ್ತಾರೆ. ಐದರ ಹಿಂದೆ ಆರನೆಯದೊಂದು ಸಾಕ್ಷಿಯನ್ನು ಮೆಲ್ಲಗೆ ತಂದು ಕೂರಿಸುವುದು ಒಂದು. ನಾನೇ ಇಲ್ಲದ ಮೇಲೆ ಹೊಣೆ ಯಾರದು ಎಂದು ಶೀಲವನ್ನು ಸಡಿಲಿಸುವುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯ. ಶೀಲದಲ್ಲಿ ಮೊದಲೇ ಕೆಲವು ತಿಂಗಳು ಕಳೆದಿರಬೇಕು ಎನ್ನುವುದು ಇದಕ್ಕೇ.

ಓದಿನ ಮಾತು. ತ್ರಿಪಿಟಕದಲ್ಲಿ ಉಪದೇಶಗಳ ಭಾಗವಾದ ಸುತ್ತಪಿಟಕದಲ್ಲಿ ಐದು ನಿಕಾಯಗಳು. ದೀಘದಲ್ಲಿ 34, ಮಜ್ಝಿಮದಲ್ಲಿ 152 ಸುತ್ತಗಳು. 423 ಗಾಥೆಗಳ ಧಮ್ಮಪದ ಚೆಂದದ್ದು, ಆದರೆ ಬಿಡಿ ಗಾಥೆಗಳಿಂದ ಕ್ರಮ ಸಿಗುವುದಿಲ್ಲ. ಮೊದಲೆರಡು ಉಪದೇಶಗಳಾದ ಮೇಲೆ ಗೃಹಸ್ಥರಿಗಾಗಿ ಸಿಗಾಲೋವಾದ ಸುತ್ತ, ಆಮೇಲೆ ಸತಿಪಟ್ಠಾನ ಸುತ್ತ ಓದಿ. ಅಭಿಧಮ್ಮ, ಪ್ರಜ್ಞಾಪಾರಮಿತೆಯಂಥ ಗಹನ ತತ್ತ್ವಗ್ರಂಥಗಳು ಆಮೇಲೆ ಆಗಲಿ. ಕಾಲಾಮ ಸುತ್ತವನ್ನು ಪೂರ್ತಿ ಓದಿ. ಸ್ವಂತ ಬುದ್ಧಿಗೆ ತೋಚಿದ್ದನ್ನು ನಂಬು ಎಂದು ಅದರಲ್ಲಿ ಇದೆ ಎನ್ನುತ್ತಾರೆ, ಇಲ್ಲ. ಕೇವಲ ತರ್ಕವನ್ನೂ ನೆಚ್ಚಬೇಡಿ ಎಂದೇ ಅದರಲ್ಲಿದೆ. ಕುಶಲವೋ ಅಕುಶಲವೋ, ಅಂದರೆ ಒಳಿತೋ ಕೆಡುಕೋ, ತಿಳಿದವರು ಒಪ್ಪುವರೋ ಇಲ್ಲವೋ ಎಂಬ ಅಳತೆ ಅಲ್ಲಿಯದು. ಬುದ್ಧನ ಹೆಸರಿನಲ್ಲಿ ಓಡಾಡುವ ಚೆಂದದ ಮಾತು ಸಿಕ್ಕರೆ ಯಾವ ನಿಕಾಯ, ಎಷ್ಟನೆಯ ಸುತ್ತ ಎಂದು ಕೇಳಿ. ಬಹಳಷ್ಟು ಮಾತುಗಳು ಅಲ್ಲೇ ಉದುರುತ್ತವೆ.

ಥೇರವಾದ, ಮಹಾಯಾನ, ವಜ್ರಯಾನಗಳಲ್ಲಿ ಯಾವುದು ಎಂದು ಮೊದಲೇ ತಲೆಕೆಡಿಸಿಕೊಳ್ಳಬೇಕಿಲ್ಲ. ದಾನ, ಶೀಲ, ಆರ್ಯಸತ್ಯ, ಅನಿತ್ಯ, ಪ್ರತೀತ್ಯ ಸಮುತ್ಪಾದ ಎಲ್ಲ ಕಡೆಯೂ ಬೇಕು. ಬೆರಕೆ ಮಾತ್ರ ಬೇಡ: ಬೆಳಗ್ಗೆ ಝೆನ್, ಸಂಜೆ ವಿಪಶ್ಯನಾ, ನಡುವೆ ಟಿಬೆಟಿನ ಮಂತ್ರ ಎಂದರೆ ಯಾವುದೂ ಬೇರು ಬಿಡುವುದಿಲ್ಲ.

ಶರಣು ಹೋಗುವ ವಿಧಿ ಚಿಕ್ಕದು. ಮೂರು ಸಲ ನಮಸ್ಕರಿಸಿ, ಭಿಕ್ಷುವಿನಲ್ಲಿ ತ್ರಿಶರಣ ಪಂಚಶೀಲ ಬೇಡಿ, 'ನಮೋ ತಸ್ಸ ಭಗವತೋ ಅರಹತೋ ಸಮ್ಮಾಸಂಬುದ್ಧಸ್ಸ' ಎಂದು ಮೂರು ಸಲ. 'ಬುದ್ಧಂ ಸರಣಂ ಗಚ್ಛಾಮಿ', ಧಮ್ಮಂ, ಸಂಘಂ. ಎರಡನೆಯ ಸುತ್ತಿಗೆ 'ದುತಿಯಂಪಿ', ಮೂರನೆಯದಕ್ಕೆ 'ತತಿಯಂಪಿ' ಸೇರುತ್ತದೆ. ಆಮೇಲೆ 'ಪಾಣಾತಿಪಾತಾ ವೇರಮಣೀ ಸಿಕ್ಖಾಪದಂ ಸಮಾದಿಯಾಮಿ' ಎಂದು ಮೊದಲಾಗುವ ಐದು ಶೀಲಗಳು. ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡಾಗ ಇದರ ಜೊತೆಗೆ 22 ಪ್ರತಿಜ್ಞೆಗಳನ್ನು ಬೋಧಿಸಿದರು, ಆ ಪರಂಪರೆಯಲ್ಲಿ ಅವೂ ಸೇರುತ್ತವೆ.

ಗುರುವನ್ನು ಆರಿಸುವಾಗ ಅವಸರ ಬೇಡ. ವೀಮಂಸಕ ಸುತ್ತದಲ್ಲಿ ತಥಾಗತನನ್ನೇ ಕಣ್ಣಿಂದ ನೋಡಿ, ಕಿವಿಯಿಂದ ಕೇಳಿ ಪರೀಕ್ಷಿಸು ಎಂದಿದೆ. ಅವರ ನಡತೆಯನ್ನು ಬಹಳ ಕಾಲ ನೋಡಿ, ಹೆಸರು ಬಂದ ಮೇಲೆ ಬದಲಾದರೇ ಎಂದು ಗಮನಿಸಿ. ಮುಷ್ಟಿಯಲ್ಲಿ ಬಚ್ಚಿಟ್ಟುಕೊಳ್ಳುವ ಆಚಾರ್ಯನ ರೀತಿ ತನ್ನದಲ್ಲ ಎಂದು ಬುದ್ಧ ಕೊನೆಯ ದಿನಗಳಲ್ಲಿ ಆನಂದನಿಗೆ ಹೇಳಿದ್ದಾನೆ. ಹಣ ಕೊಟ್ಟವರಿಗೆ ಮಾತ್ರ ಗುಟ್ಟಿನ ಪಾಠ ಎನ್ನುವವರನ್ನು, ಪ್ರಶ್ನೆ ಕೇಳಿದರೆ ಸಿಡುಕುವವರನ್ನು ಬಿಟ್ಟು ಬನ್ನಿ.

ಇಷ್ಟು ಕುದುರಿದ ಮೇಲೆ ಮುಂದಿನದು ಉಪೋಸಥ. ಹುಣ್ಣಿಮೆ, ಅಮಾವಾಸ್ಯೆಯ ದಿನ ಒಂದು ಹಗಲು ಒಂದು ರಾತ್ರಿಗೆ ಎಂಟು ಶೀಲ: ಮೂರನೆಯದು ಪೂರ್ತಿ ಬ್ರಹ್ಮಚರ್ಯವಾಗುತ್ತದೆ, ಮೇಲೆ ಮಧ್ಯಾಹ್ನದ ನಂತರ ಊಟ ಇಲ್ಲ, ಹಾಡು-ಕುಣಿತ-ಅಲಂಕಾರ ಇಲ್ಲ, ಎತ್ತರದ ಮೆತ್ತನೆಯ ಹಾಸಿಗೆ ಇಲ್ಲ. ಮೊದಲ ಸಲ ಮಾಡುವವರು ರಜೆಯ ದಿನಕ್ಕೆ ಹೊಂದಿಸಿಕೊಳ್ಳಿ, ಸಂಜೆಯ ಹಸಿವಿಗೆ ನೀರು ಕುಡಿಯಿರಿ. ಮಧುಮೇಹ ಇರುವವರು ಊಟದ ಶೀಲವನ್ನು ಬಿಟ್ಟು ಉಳಿದ ಏಳನ್ನು ತೆಗೆದುಕೊಳ್ಳಿ.